ಇನ್ನೂರೈವತ್ತರ ಗಾಳಿ

ಭಾವನಿಗೆ ಕೊಟ್ಟ ನೋಟಿಸನ್ನು ಟೈಪು ಮಾಡಿದವನು ನಾನೇ. ಸ್ವಂತ ಅಕ್ಕನ ಗಂಡನಿಗೆ, ಇದೇ ಎರಡು ಬೆರಳುಗಳಲ್ಲಿ, ಒಂದಕ್ಷರವೂ ತಪ್ಪದಂತೆ. "ತಾವು ಈ ದಿನ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ, ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯದೆ, ಕಚೇರಿಗೆ ಸೇರಿದ ಗಾಳಿಯನ್ನು ಹೊರಬಿಟ್ಟಿರುತ್ತೀರಿ. ಈ ಬಗ್ಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು." ಸಾಹೇಬರು ಹೇಳುತ್ತಾ ಹೋದರು, ನಾನು ಕುಟ್ಟುತ್ತಾ ಹೋದೆ. ನಗು ಬಂತು, ನುಂಗಿಕೊಂಡೆ. ಅಳಬೇಕಾದ ಜಾಗ ಅದು ಎಂದು ಆಗ ಗೊತ್ತಾಗಲಿಲ್ಲ.

ನಮ್ಮದು ಸರೋವರದ ದಡದ ರಕ್ಷಣಾ ಠಾಣೆ. ಹೆಸರು ದೊಡ್ಡದು, ಇರುವುದು ಒಂದು ತಗಡಿನ ಶೆಡ್ಡು, ಎರಡು ಕೊಠಡಿ, ಒಂದು ಕಟ್ಟೆ, ಗಾಳಿ ತುಂಬಿ ಉಬ್ಬಿಸುವ ಎರಡು ರಬ್ಬರ್ ದೋಣಿ. ಯಾರಾದರೂ ಮುಳುಗಿದರೆ ಓಡಬೇಕಾದ್ದು ನಾವು. ದೇವರ ದಯೆ, ವರ್ಷಕ್ಕೆ ಒಬ್ಬರೋ ಇಬ್ಬರೋ. ಉಳಿದ ದಿನ, ತುಳಿಯುವ ದೋಣಿ ಬಾಡಿಗೆಗೆ ತಗೊಂಡು ನಡುನೀರಿಗೆ ಹೋಗಿ ಪೆಡಲ್ ಮುರಿದುಕೊಂಡು, ಹೋಗುವಾಗ ಕೈ ಕೈ ಹಿಡಿದವರು ಬರುವಾಗ ಮುಖ ತಿರುಗಿಸಿಕೊಂಡು ಕೂತಿರುವ ಜೋಡಿಗಳನ್ನು ಎಳೆದು ತರುವ ಕೆಲಸ.

ಆ ದೋಣಿಗಳಿಗೆ ಗಾಳಿ ಹಾಕುವವರು ನಮ್ಮ ಭಾವ. ಇಪ್ಪತ್ತೆರಡು ವರ್ಷದಿಂದ ಅದೊಂದೇ ಕೆಲಸ. ಠಾಣೆಯಲ್ಲಿ ಅವರಿಗೆ 'ಹೆಬ್ಬೆರಳು' ಅಂತಲೇ ಹೆಸರು. ದೋಣಿಯ ಸುತ್ತ ತೊಡೆಯಷ್ಟು ದಪ್ಪದ ಟ್ಯೂಬು ಇರುತ್ತದಲ್ಲ, ಅದನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತುತ್ತಾರೆ, ಉಗುರಿನಿಂದ ಒಂದು ಸಲ ತಟ್ಟುತ್ತಾರೆ, ಕಿವಿ ಕೊಟ್ಟು ಕೇಳುತ್ತಾರೆ. ಅಷ್ಟೇ. "ಇನ್ನು ಹತ್ತು ತುಳಿತ ಬೇಕು" ಅಂದರೆ ಹತ್ತೇ. ಹನ್ನೊಂದನೆಯದನ್ನು ತುಳಿದವನ ಕಾಲು ಹಿಡಿದು ಕೆಳಗಿಳಿಸುತ್ತಿದ್ದರು.

ಮನೆಯಲ್ಲೂ ಅದೇ ಚಾಳಿ. ತಲೆದಿಂಬು, ಬ್ರೆಡ್ಡು, ಟೊಮೆಟೊ, ಪಕ್ಕದ ಮನೆಯವರ ಸೈಕಲ್ ಟೈರು, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಬೇಕು. "ಮೊದಲನೇ ಸಲ ನಮ್ಮನೆಗೆ ಬಂದಾಗ ನನ್ನ ಮುಖ ನೋಡೋದು ಬಿಟ್ಟು ಕುರ್ಚಿ ಮೆತ್ತೆ ಒತ್ತಿ ನೋಡ್ತಾ ಕೂತಿದ್ರು ಕಣೋ ಈ ಪುಣ್ಯಾತ್ಮ" ಎಂದು ಅಕ್ಕ ಇವತ್ತಿಗೂ ರೇಗುತ್ತಾಳೆ. ನನ್ನ ಹೊಟ್ಟೆಯನ್ನೂ ಬಿಟ್ಟಿಲ್ಲ. ಗುಮಾಸ್ತನ ಹೊಟ್ಟೆ, ಕೂತು ಕೂತು ಬೆಳೆದದ್ದು. ಒತ್ತಿ ನೋಡಿ, "ಸ್ವಲ್ಪ ಇಳಿಸಪ್ಪಾ, ಬಿಸಿಲಿಗೆ ಹೋದ್ರೆ ಕಷ್ಟ" ಅನ್ನುತ್ತಿದ್ದರು.

ಬಿಸಿಲಿನ ಮಾತು ಅವರ ಬಾಯಲ್ಲಿ ಸುಮ್ಮನೆ ಬರುತ್ತಿದ್ದುದಲ್ಲ. ಅವರ ವಿದ್ಯೆಯೆಲ್ಲ ಇದ್ದದ್ದು ಅದರಲ್ಲೇ. ಬಿಸಿಲಿಗೆ ಇಟ್ಟರೆ ಒಳಗಿನ ಗಾಳಿ ಹಿಗ್ಗುತ್ತದೆ, ಟ್ಯೂಬು ಬಿಗಿಯುತ್ತದೆ. ತಣ್ಣೀರಿಗೆ ಇಳಿಸಿದರೆ ಗಾಳಿ ಕುಗ್ಗುತ್ತದೆ, ಟ್ಯೂಬು ಸೊರಗುತ್ತದೆ. ಆದ್ದರಿಂದ ಬೆಳಿಗ್ಗೆ ನೆರಳಿನಲ್ಲಿ ತುಸು ಕಡಿಮೆ ಹಾಕಬೇಕು, ಮಧ್ಯಾಹ್ನ ನೋಡಿ ಇಳಿಸಬೇಕು, ನೀರಿಗೆ ಬಿಟ್ಟು ಹತ್ತು ನಿಮಿಷವಾದ ಮೇಲೆ ಮತ್ತೆ ಒಂದಿಷ್ಟು ತುಂಬಬೇಕು. "ಚಿಕ್ಕ ಮಗೂಗೆ ಬಟ್ಟೆ ಹಾಕಿದ ಹಾಗೆ ಕಣೋ. ಹವಾ ನೋಡಿ ಹಾಕಬೇಕು, ತೆಗೀಬೇಕು" ಎನ್ನುತ್ತಿದ್ದರು.

ಆ ನೋಟಿಸಿಗೆ ಒಂಬತ್ತು ತಿಂಗಳ ಮುಂಚೆ ಹೊಸ ಸಾಹೇಬರು ಬಂದರು. ಜೊತೆಗೆ ಗಾಳಿಯ ಒತ್ತಡ ತೋರಿಸುವ ಹೊಸ ಗೇಜೂ ಬಂತು. ಅಂಗೈಯಗಲದ್ದು, ಅಂಕಿ ಬೆಳಗುವಂಥದ್ದು. ಸಾಹೇಬರು ಅದನ್ನು ಕೊರಳಿಗೆ ನೇತು ಹಾಕಿಕೊಂಡೇ ಓಡಾಡುತ್ತಿದ್ದರು. ಬಂದ ಮೂರನೇ ದಿನ ಗೋಡೆಗೆ ದೊಡ್ಡ ಹಲಗೆ ಬಿತ್ತು: ಇನ್ನೂರೈವತ್ತು. ಪುಸ್ತಕದಲ್ಲಿ ಹೇಳಿದ ಒತ್ತಡ ಅದು. ಅದಕ್ಕಿಂತ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಸಲ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ರಿಜಿಸ್ಟರು ಬರೆಯುವವನು ಯಾರು? ಇನ್ಯಾರು, ನಾನು.

ಮೊದಲ ವಾರ ಭಾವ ಇದ್ದದ್ದು ಇದ್ದಂತೆ ಹೇಳಿದರು, ನಾನು ಬರೆದೆ. ಬೆಳಿಗ್ಗೆ ನೂರ ತೊಂಬತ್ತು, ಮಧ್ಯಾಹ್ನ ಇನ್ನೂರ ಅರವತ್ತು, ಸಂಜೆ ಇನ್ನೂರ ಹದಿನೈದು. ಸಾಹೇಬರು ಕನ್ನಡಕ ಏರಿಸಿಕೊಂಡು ಕೆಂಡವಾದರು.

"ಏನ್ರೀ ಇದು? ಬೆಳಿಗ್ಗೆ ಇಲ್ಲದ ಗಾಳಿ ಮಧ್ಯಾಹ್ನ ಎಲ್ಲಿಂದ ಬಂತು? ಸಂಜೆ ಹೊತ್ತಿಗೆ ಎಲ್ಲಿಗೆ ಹೋಯ್ತು?"

"ಎಲ್ಲೂ ಹೋಗಿಲ್ಲ ಸಾರ್, ಒಳಗೇ ಇದೆ. ಬಿಸಿಲಿಗೆ ಹಿಗ್ಗುತ್ತೆ" ಎಂದರು ಭಾವ.

"ಕಚೇರಿಯಲ್ಲಿ ಹಿಗ್ಗೋದು ಕುಗ್ಗೋದು ಎಲ್ಲ ಇಟ್ಕೋಬೇಡಿ. ನನಗೆ ಇನ್ನೂರೈವತ್ತು ಬೇಕು."

ದಿನಾ ಬೆಳಗಾದರೆ ಇದೇ ರಗಳೆ. ಸಾಹೇಬರು ಕಿರುಚುವುದು, ಭಾವ ತಲೆ ಕೆರೆದುಕೊಳ್ಳುವುದು, ಅದರ ಬಿಸಿ ನನಗೆ ತಟ್ಟುವುದು. ನಾನೇನು ಮಾಡಿದೆ ಗೊತ್ತೇ? ಎರಡನೇ ವಾರದಿಂದ ಭಾವನನ್ನು ಕೇಳುವುದನ್ನೇ ಬಿಟ್ಟೆ. ಬೆಳಿಗ್ಗೆ ಬಂದು, ಟೀ ಕುಡಿದು, ಮೂರೂ ಕಾಲಂಗಳಲ್ಲಿ ಒಂದೇ ಉಸಿರಿಗೆ ಇನ್ನೂರೈವತ್ತು, ಇನ್ನೂರೈವತ್ತು, ಇನ್ನೂರೈವತ್ತು. ಮಧ್ಯಾಹ್ನ ಇನ್ನೂ ಆಗಿರುವುದಿಲ್ಲ, ಮಧ್ಯಾಹ್ನದ ಗಾಳಿ ಆಗಲೇ ರಿಜಿಸ್ಟರಿನಲ್ಲಿ! ಸಾಹೇಬರ ಮುಖ ಅರಳಿತು. "ನೋಡಿದ್ರಾ, ಶಿಸ್ತು ಅಂದ್ರೆ ಗಾಳಿನೂ ಮಾತು ಕೇಳುತ್ತೆ" ಎಂದು ನನ್ನ ಬೆನ್ನು ತಟ್ಟಿದರು. ರಿಜಿಸ್ಟರು ಸರಿಯಿದ್ದ ಮೇಲೆ ದೋಣಿಗೆ ಗೇಜು ಚುಚ್ಚುವ ಗೋಜಿಗೆ ಅವರು ಹೋಗಲೇ ಇಲ್ಲ. ಭಾವ ತಮ್ಮ ಪಾಡಿಗೆ ಹೆಬ್ಬೆರಳಿನಲ್ಲಿ ಗಾಳಿ ಹಾಕುತ್ತಿದ್ದರು, ನಾನು ನನ್ನ ಪಾಡಿಗೆ ಇನ್ನೂರೈವತ್ತು ಬರೆಯುತ್ತಿದ್ದೆ. ಭಾವನಿಗೇ ಉಪಕಾರ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಒಂಬತ್ತು ತಿಂಗಳು ಹೀಗೆ ತಣ್ಣಗೆ ನಡೆಯಿತು.

ಆಮೇಲೆ ದೊಡ್ಡ ಸಾಹೇಬರ ತಪಾಸಣೆ ಬಂತು. ಸಾಹೇಬರಿಗೂ ಮೇಲಿನ ಸಾಹೇಬರು. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ, ದೋಣಿಯನ್ನು ಕಟ್ಟೆಯ ಮುಂದೆ ಸಿಮೆಂಟಿನ ನೆಲದ ಮೇಲೆ ಪ್ರದರ್ಶನಕ್ಕೆ ಇಡಬೇಕು, ಆಮೇಲೆ ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರಬೇಕು ಎಂದು ಅಪ್ಪಣೆ. ಏಳು ಗಂಟೆಗೆ ಭಾವ ಶೆಡ್ಡಿನ ನೆರಳಿನಲ್ಲಿ ಕೂತು ಗಾಳಿ ಹಾಕಿದರು. ಬಿಸಿಲಿಗೆ ಇಡುವ ದೋಣಿಯಲ್ಲವೇ, ನೂರ ಎಂಬತ್ತಕ್ಕೇ ನಿಲ್ಲಿಸಿದರು. ಸಾಹೇಬರು ಗೇಜು ಚುಚ್ಚಿ ನೋಡಿದರು. ಅವರ ಮೀಸೆ ಕುಣಿಯಿತು.

"ದೊಡ್ಡ ಸಾಹೇಬ್ರು ಬರೋ ದಿನಾನೇ ನೂರ ಎಂಬತ್ತಾ? ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಇದ್ದೀರಾ? ತುಂಬ್ರಿ!"

"ಸಾರ್, ಬಿಸಿಲು ಬಂದ ಮೇಲೆ..."

"ಬಿಸಿಲಿಗೆ ನಾನು ಉತ್ತರ ಕೊಡ್ತೀನಿ. ನೀವು ತುಂಬ್ರಿ."

ಭಾವ ತುಂಬಿದರು. ದೋಣಿ ಹೊರಗೆ ಬಂತು. ಒಂಬತ್ತಾಯಿತು, ಹತ್ತಾಯಿತು, ದೊಡ್ಡ ಸಾಹೇಬರ ಸುಳಿವಿಲ್ಲ. ಹನ್ನೊಂದಕ್ಕೆ ಸಿಮೆಂಟಿನ ಮೇಲೆ ಬರಿಗಾಲಿಡುವ ಹಾಗಿರಲಿಲ್ಲ. ಭಾವ ಮೂರು ಸಲ ಹೋಗಿ ಉಗುರಿನಿಂದ ತಟ್ಟಿ ಬಂದರು. ಮೂರನೆಯ ಸಲ ನನಗೂ ಕೇಳಿಸಿತು, ಸ್ಟೀಲಿನ ಪಾತ್ರೆ ತಟ್ಟಿದ ಹಾಗೆ. "ಟ್ಯೂಬಿನ ಅಂಟು ಬಿಡುತ್ತೆ ಕಣೋ. ಒಂದು ಗಂಟೆ ತಡೆಯಲ್ಲ. ಒಮ್ಮೆ ಬಿಟ್ರೆ ಈ ದೋಣಿ ಕಥೆ ಮುಗೀತು" ಎಂದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಕೆಳಗೆ ಒಂದೇ ಒಂದು ಅಂಟು ಬಿಟ್ಟಿರಲಿಲ್ಲ. ಹನ್ನೆರಡೂ ಹತ್ತಕ್ಕೆ ಭಾವ ಮಂಡಿಯೂರಿ ಕೂತು ವಾಲ್ವು ಒತ್ತಿದರು. ಅಯ್ಯೋ, ಆ ಸದ್ದು! ಬುಸ್ಸೆಂದು ಇಡೀ ಠಾಣೆಗೆ ಕೇಳಿಸಿತು.

ಸಾಹೇಬರು ಊಟದ ಕೈಯಲ್ಲೇ ಓಡಿ ಬಂದರು. ಗೇಜು ಚುಚ್ಚಿದರು. ಸರಿಯಾಗಿ ಇನ್ನೂರೈವತ್ತು! ಭಾವ ಹೆಬ್ಬೆರಳಿನಲ್ಲಿ ಅಳೆದೇ ಅಲ್ಲಿಗೆ ಇಳಿಸಿದ್ದರು. ಇನ್ನೊಬ್ಬರಾಗಿದ್ದರೆ ಕೈ ಮುಗಿಯುತ್ತಿದ್ದರು. ಸಾಹೇಬರು ರಿಜಿಸ್ಟರು ತರಿಸಿದರು. ಹನ್ನೆರಡು ಗಂಟೆಯ ಕಾಲಂನಲ್ಲಿ, ಬೆಳಿಗ್ಗೆಯೇ ನಾನು ಬರೆದಿಟ್ಟ ಇನ್ನೂರೈವತ್ತು ನಗುತ್ತಾ ಕೂತಿತ್ತು.

"ಹನ್ನೆರಡಕ್ಕೆ ಇನ್ನೂರೈವತ್ತು ಇತ್ತು. ಆಮೇಲೆ ನೀವು ಗಾಳಿ ಬಿಟ್ರಿ. ಅಂದ್ಮೇಲೆ ಈಗ ಕಡಿಮೆ ಆಗಿರ್ಲೇಬೇಕು" ಎಂದರು ಸಾಹೇಬರು.

"ಗೇಜಲ್ಲಿ ಇನ್ನೂರೈವತ್ತೇ ಇದೆಯಲ್ಲ ಸಾರ್."

"ಗೇಜಿಗೂ ಬಿಸಿಲು ಬಡಿದಿದೆ. ರಿಜಿಸ್ಟರಿಗೆ ಬಿಸಿಲು ಬಡಿಯಲ್ಲ. ಶೆಡ್ಡಿನ ಬೀಗದ ಕೈ ಕೊಡಿ ಇಲ್ಲಿ. ನಿಮ್ಮ ವಿಚಾರ ದೊಡ್ಡ ಸಾಹೇಬ್ರ ಮುಂದೇನೇ ಇತ್ಯರ್ಥ ಆಗ್ಲಿ."

ಭಾವ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಇಪ್ಪತ್ತೆರಡು ವರ್ಷ ಅದು ನೇತಾಡಿದ ಜಾಗದಲ್ಲಿ ಪ್ಯಾಂಟಿನ ಬಟ್ಟೆ ಸವೆದು ಬೆಳ್ಳಗಾಗಿತ್ತು. ಆ ಹೊತ್ತಿಗೆ ಟೈಪು ಮಾಡಿದ್ದೇ ಮೇಲೆ ಹೇಳಿದ ನೋಟಿಸು. ಆರೋಪ ಸಾಬೀತಾದರೆ ಭಾವ ಶೆಡ್ಡಿನಿಂದ ಹೊರಗೆ, ಮುಖ್ಯ ಕಚೇರಿಯ ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ. ದೋಣಿ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲದ ಮನುಷ್ಯ.  ಆದರೂ ನೋಟಿಸನ್ನು ಮಿಷನ್ನಿನಿಂದ ತೆಗೆದು ಸಾಹೇಬರ ಸಹಿಗೆ ಇಟ್ಟೆ.

ಮೂರು ಗಂಟೆಗೆ ದೊಡ್ಡ ಸಾಹೇಬರು ಬಂದರು. ದೋಣಿ ನೀರಿಗಿಳಿಯಿತು. ಭಾವ ಕಾಲು ಪಂಪು ಹಿಡಿದುಕೊಂಡು ಕಟ್ಟೆಗೆ ಬಂದು, "ಸಾರ್, ಹತ್ತು ನಿಮಿಷ ನೀರಲ್ಲಿ ತಣ್ಣಗಾಗ್ಲಿ. ಆಮೇಲೆ ಒಂದಿಷ್ಟು ಗಾಳಿ ಬೇಕಾಗುತ್ತೆ" ಎಂದರು.

"ಆಗ ಬಿಟ್ಟಿದ್ದು, ಈಗ ತುಂಬೋದು! ಮಕ್ಕಳಾಟ ಅಂದ್ಕೊಂಡಿದ್ದೀರಾ? ದೋಣಿ ಮುಟ್ಟಿದ್ರೆ ನೋಡಿ" ಎಂದು ಸಾಹೇಬರು ಹಲ್ಲು ಕಡಿದು, ದೊಡ್ಡ ಸಾಹೇಬರ ಕಡೆ ಅದೇ ಹಲ್ಲು ಬಿಟ್ಟು ನಕ್ಕು, ದೋಣಿ ಹತ್ತಿದರು. ದೋಣಿಯ ಡ್ರೈವರು ಎಂಜಿನ್ ಶುರು ಮಾಡಿದ. ನಡುನೀರಿನವರೆಗೆ ಭರ್ಜರಿಯಾಗಿಯೇ ಹೋದರು. ದೊಡ್ಡ ಸಾಹೇಬರು ದಡದ ಕಡೆ ಕೈ ಕೂಡ ಬೀಸಿದರು.

ಆಮೇಲೆ ದೋಣಿಯ ಮೂತಿ ಮೆಲ್ಲಗೆ ಮೇಲೆದ್ದಿತು. ಎಂಜಿನ್ನಿನ ಭಾರಕ್ಕೆ ಹಿಂಭಾಗ ಇಳಿಯಿತು. ನಡುವೆ ಕೂತಿದ್ದ ದೊಡ್ಡ ಸಾಹೇಬರು, ಹಳೇ ಹಾಸಿಗೆಯಲ್ಲಿ ಹೂತು ಹೋಗುವವರಂತೆ, ನಿಧಾನಕ್ಕೆ ಮಡಚಿಕೊಂಡರು. ಮೊದಲು ಟೋಪಿ ತೇಲಿತು. ಆಮೇಲೆ ತಪಾಸಣೆಯ ಕಾಗದಗಳು ತೇಲಿದವು. ಸೊಂಟದ ತನಕ ನೀರಲ್ಲಿ ಕೂತು ಅವರು ಹಾಕಿದ ಕೂಗು ಮಾತ್ರ ದಡದ ತನಕ ಬಂತು.

ಎರಡನೆಯ ದೋಣಿ ಶೆಡ್ಡಿನೊಳಗೆ. ಶೆಡ್ಡಿನ ಬೀಗದ ಕೈ ಸಾಹೇಬರ ಪ್ಯಾಂಟಿನ ಜೇಬಿನಲ್ಲಿ. ಪ್ಯಾಂಟು ಸರೋವರದಲ್ಲಿ.

"ಬಾರೋ" ಎಂದು ಭಾವ ನನ್ನ ಕಾಲರು ಹಿಡಿದರು. ಕಟ್ಟೆಗೆ ಕಟ್ಟಿದ್ದ ತುಳಿಯುವ ದೋಣಿಯೊಂದಿತ್ತು, ಹಂಸದ ಆಕಾರದ್ದು, ಕತ್ತಿನ ಬಣ್ಣ ಉದುರಿದ್ದು. ಇಬ್ಬರೂ ಹತ್ತಿದೆವು. ಭಾವನ ತೊಡೆಯ ಮೇಲೆ ಕಾಲು ಪಂಪು. ನನ್ನ ಹೊಟ್ಟೆ ನನ್ನ ಮಂಡಿಗೆ ಬಡಿಯುತ್ತಿತ್ತು. ಇಲಾಖೆಯ ಮಾನ ಉಳಿಸಲು ಭಾವ-ಭಾವಮೈದ ಹಂಸ ತುಳಿದುಕೊಂಡು ಹೋದದ್ದನ್ನು ದಡದಲ್ಲಿದ್ದವರು ಇಂದಿಗೂ ಮರೆತಿಲ್ಲ. ಹತ್ತಿರ ಹೋದೊಡನೆ ಭಾವ ಎಂಜಿನ್ ನಿಲ್ಲಿಸಲು ಹೇಳಿ, ಮೂವರನ್ನೂ ಟ್ಯೂಬಿನ ಹಗ್ಗ ಹಿಡಿದುಕೊಂಡು ಅಲುಗಾಡದಿರಲು ಹೇಳಿ, ಕೊಳವೆ ಸಿಕ್ಕಿಸಿ ನನ್ನಿಂದ ಪಂಪು ತುಳಿಸಿದರು. ಎಡಕ್ಕೆ ಅರ್ಧ, ಬಲಕ್ಕೆ ಅರ್ಧ, ಮೂತಿಗೆ ಅರ್ಧ, ಮತ್ತೆ ಎಲ್ಲಕ್ಕೂ ಪೂರ್ತಿ. ಗೇಜಿಲ್ಲ, ಪುಸ್ತಕವಿಲ್ಲ. ಹೆಬ್ಬೆರಳು ಒಂದೇ. "ಸಾಕು" ಎಂದರು. ದೋಣಿ ನೆಟ್ಟಗಾಯಿತು. ದೊಡ್ಡ ಸಾಹೇಬರು ಕುತ್ತಿಗೆಗೆ ಸಿಡಿದ ನೀರು ಒರೆಸಿಕೊಳ್ಳುತ್ತಾ ಆ ಹೆಬ್ಬೆರಳನ್ನೇ ನೋಡುತ್ತಿದ್ದರು. ಭಾವ ಗೆದ್ದರು ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ.

ಐದು ಗಂಟೆಗೆ ವಿಚಾರಣೆ. ದೊಡ್ಡ ಸಾಹೇಬರು ಟವೆಲು ಸುತ್ತಿಕೊಂಡು ಸಾಹೇಬರ ಕುರ್ಚಿಯಲ್ಲಿ ಕೂತಿದ್ದರು. ಕೆಟ್ಟವರಲ್ಲ, ಸಮಾಧಾನವಾಗಿಯೇ ಕೇಳಿದರು. ಭಾವ ಬಿಸಿಲಿನ ಕಥೆ, ತಣ್ಣೀರಿನ ಕಥೆ ಎಲ್ಲ ಹೇಳಿದರು. ಅವರು ತಲೆದೂಗುತ್ತಾ ಕೇಳಿದರು. ಕೊನೆಗೆ ರಿಜಿಸ್ಟರು ತೆಗೆದರು. ಒಂದು ಪುಟ, ಎರಡು ಪುಟ, ಹತ್ತು ಪುಟ.

"ನೀವು ಹೇಳೋದು ಸರಿ ಅನ್ಸುತ್ತೆ. ಆದ್ರೆ ಇಲ್ಲಿ ನೋಡಿ. ಒಂಬತ್ತು ತಿಂಗಳು. ಚಳೀಲೂ ಇನ್ನೂರೈವತ್ತು, ಬಿಸಿಲಲ್ಲೂ ಇನ್ನೂರೈವತ್ತು. ಮೊದಲ ವಾರ ಬಿಟ್ರೆ ಒಂದು ದಿನಾನೂ ಹಿಗ್ಗಿಲ್ಲ, ಕುಗ್ಗಿಲ್ಲ. ಇದು ಸುಳ್ಳಾ, ನೀವು ಹೇಳೋದು ಸುಳ್ಳಾ?"

 ಭಾವ ಬಗ್ಗಿ ಪುಟ ನೋಡಿದರು. ನನ್ನ ಅಕ್ಷರ ಅವರಿಗೆ ಗೊತ್ತಿಲ್ಲದ್ದೇ? ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಥೂ ನನ್ನ ಜನ್ಮಕ್ಕೆ!

"ರಿಜಿಸ್ಟರು ಸರಿ ಇದೆ ಸಾರ್. ನಾನೇ ತಪ್ಪು ತಿಳ್ಕೊಂಡಿದ್ದೆ" ಎಂದರು ಭಾವ.

ಆದೇಶ ಮರುದಿನವೇ ಬಂತು. ಭಾವ ನೆಲಮಾಳಿಗೆಗೆ. ಸಾಹೇಬರಿಗೆ ದಾಖಲೆಗಳನ್ನು ಅಚ್ಚುಕಟ್ಟಾಗಿ ಇರಿಸಿದ್ದಕ್ಕೆ ಪ್ರಶಂಸಾಪತ್ರ. ದೋಣಿ ಸೊರಗಿದ್ದಕ್ಕೆ ಕಾರಣ, ಸರೋವರದ ನೀರು ನಿಯಮಕ್ಕಿಂತ ತಣ್ಣಗಿದ್ದದ್ದು ಎಂದು ವರದಿ. ಶೆಡ್ಡಿನ ಬೀಗದ ಕೈ ಯಾರಿಗೆ? ಒಂಬತ್ತು ತಿಂಗಳು ಒಂದೂ ತಪ್ಪಿಲ್ಲದೆ ರಿಜಿಸ್ಟರು ಬರೆದ ಗುಮಾಸ್ತನಿಗೆ.

ಆ ಸಂಜೆ ಅಕ್ಕನ ಮನೆಗೆ ಹೋದೆ. ಅಕ್ಕ ಬಾಗಿಲು ತೆಗೆದವಳು ಒಳಗೆ ಬಾ ಅನ್ನಲಿಲ್ಲ. "ಹೇಳಬಹುದಿತ್ತಲ್ಲೋ, ನಾನೇ ಬರೆದದ್ದು ಅಂತ?" ಎಂದಳು. ಭಾವ ಒಳಗಿನಿಂದಲೇ, "ಬಿಡೇ ಅವನನ್ನ. ಸುಳ್ಳು ಬರೆದೋರನ್ನ ಸೀದಾ ಮನೆಗೇ ಕಳಿಸ್ತಾರೆ. ಗಾಳಿ ಬಿಟ್ಟೋರನ್ನ ಬರೀ ಮೂಲೆಗೆ ಕಳಿಸ್ತಾರೆ. ಮೂಲೇನೇ ವಾಸಿ" ಎಂದರು. ನನ್ನ ಕೈಗೆ ಬೀಗದ ಕೈ ಬಂದಿರುವುದು ತಿಳಿದ ಮೇಲಂತೂ ನನ್ನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. ತಮ್ಮ ಮುಂದೋಳು ಚಾಚಿ, ನನ್ನ ಹೆಬ್ಬೆರಳನ್ನು ಅದರ ಮೇಲೆ ಒತ್ತಿ, ಮುಷ್ಟಿ ಸಡಿಲ ಬಿಟ್ಟರು. "ಇದು ಬೆಳಿಗ್ಗೆಗೆ." ಅರ್ಧ ಮುಷ್ಟಿ ಹಿಡಿದರು. "ಇದು ನೀರಿನಲ್ಲಿ." ಪೂರ್ತಿ ಬಿಗಿದರು. "ಇಲ್ಲಿಗೆ ಬಂದ್ರೆ ಯಾರನ್ನೂ ಕೇಳ್ಬೇಡ, ಬಿಟ್ಬಿಡು." ಅಡಿಗೆಮನೆಯಲ್ಲಿ ಅಕ್ಕ ಪಾತ್ರೆ ಕುಕ್ಕುತ್ತಲೇ ಇದ್ದಳು.

ಒಂದು ತಿಂಗಳು ಕಳೆಯಿತು. ಶೆಡ್ಡಿನಲ್ಲಿ ನಾನು ಭಾವ ಹೇಳಿಕೊಟ್ಟಂತೆ ಕದ್ದು ಕದ್ದು ಗಾಳಿ ಹಾಕುತ್ತಿದ್ದೆ, ಕದ್ದು ಬಿಡುತ್ತಿದ್ದೆ, ರಿಜಿಸ್ಟರಿನಲ್ಲಿ ಮಾತ್ರ ರಾಜಾರೋಷವಾಗಿ ಇನ್ನೂರೈವತ್ತು ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಮುಖ್ಯ ಕಚೇರಿಗೆ ಕಾಗದ ಕೊಡಲು ಹೋದವನು ನೆಲಮಾಳಿಗೆಗೆ ಇಳಿದೆ. ಕಿಟಕಿಯಿಲ್ಲದ ಕೋಣೆ, ಎದೆಯೆತ್ತರದ ಕಡತಗಳ ಕಟ್ಟುಗಳು. ಅವುಗಳ ನಡುವೆ ಸ್ಟೂಲಿನ ಮೇಲೆ ಭಾವ ಕೂತಿದ್ದರು. ಒಂದು ಕಟ್ಟನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಅದು ತಗ್ಗುವುದಿಲ್ಲ, ಉಬ್ಬುವುದಿಲ್ಲ. ಸುಮ್ಮನೆ ಒತ್ತುತ್ತಿದ್ದರು. ನನ್ನನ್ನು ಕಂಡು ಮುಖ ಊರಗಲ ಮಾಡಿಕೊಂಡು ಎದ್ದರು.

"ಇಲ್ಲಿ ಬಿಸಿಲು ಗೊತ್ತಾಗಲ್ಲ ಮಾರಾಯ. ಹೊರಗೆ ಜೋರಿದೆಯಾ? ಇವತ್ತು ಎಷ್ಟಿಟ್ಟಿದ್ದೀಯಾ?"

"ಇನ್ನೂರೈವತ್ತು ಭಾವ" ಎಂದೆ.

ಬಾಯಿಗೆ ಬಂದುಬಿಟ್ಟಿತು. ಯೋಚಿಸಿ ಹೇಳಿದ್ದಲ್ಲ. ಅಂದು ಬೆಳಿಗ್ಗೆ ನಾನು ಇಟ್ಟದ್ದು ನೂರ ತೊಂಬತ್ತು.

ಭಾವನ ಮುಖದಲ್ಲಿದ್ದ ನಗು ಹಾಗೇ ಇಳಿಯಿತು. "ನನ್ನ ಹತ್ರಾನೂ ಇನ್ನೂರೈವತ್ತೇನೋ?" ಎಂದು ಕೇಳಿ, ಮತ್ತೆ ಸ್ಟೂಲಿನ ಮೇಲೆ ಕೂತರು.

ಅಲ್ಲಿಂದ ಹೇಗೆ ಹೊರಗೆ ಬಂದೆನೋ ನನಗೇ ಗೊತ್ತಿಲ್ಲ. ಅಂಥ ನಾಚಿಕೆ ನನ್ನ ಆಯುಷ್ಯದಲ್ಲಿ ಆಗಿರಲಿಲ್ಲ. ಠಾಣೆಗೆ ಬಂದು ಕಾಗದ ಸಿಕ್ಕಿಸಿ ಕುಟ್ಟಿದೆ. "ಕಳೆದ ಹತ್ತು ತಿಂಗಳ ರಿಜಿಸ್ಟರಿನಲ್ಲಿ, ಮೊದಲ ವಾರ ಒಂದನ್ನು ಬಿಟ್ಟು, ಉಳಿದ ಎಲ್ಲ ಅಂಕಿಗಳನ್ನೂ ನಾನು ದೋಣಿ ನೋಡದೆ, ಕೂತಲ್ಲೇ ಬರೆದಿರುತ್ತೇನೆ. ಗಾಳಿಯ ಬಗ್ಗೆ ನನ್ನ ಭಾವ ಹೇಳಿದ್ದೇ ನಿಜವಾಗಿರುತ್ತದೆ." ಕಚೇರಿಯ ಕಾಗದದಲ್ಲಿ 'ನನ್ನ ಭಾವ' ಎಂದು ಬರೆಯಬಾರದು. ಬರೆದೆ.

ಸಂಜೆ ಅದನ್ನು ತೋರಿಸಿದಾಗ ಭಾವ ಓದಿ, ನಾಲ್ಕಾಗಿ ಮಡಚಿ, ನನ್ನ ಜೇಬಿಗೇ ತುರುಕಿದರು. "ಹುಚ್ಚು ಮುಂಡೇದೇ, ಕೆಲಸ ಹೋಗುತ್ತೆ. ಸುಮ್ಮನಿರು." ಅಕ್ಕ ಕೈ ಒರೆಸಿಕೊಂಡು ಬಂದು ನನ್ನ ಜೇಬಿನಿಂದ ಅದನ್ನು ಎಳೆದು, ಬೆಳಕಿಗೆ ಹಿಡಿದು, ಕೊನೆಯ ತನಕ ಓದಿದಳು. ಒಂದು ತಿಂಗಳಿನಿಂದ ನನ್ನ ಜೊತೆ ಸರಿಯಾಗಿ ಮಾತಾಡದವಳು.

"ಸಹಿ ಎಲ್ಲೋ?" ಎಂದಳು.

ಪೆನ್ನು ಅವಳೇ ತಂದುಕೊಟ್ಟಳು. ಸಹಿ ಹಾಕಿದೆ. ಆಮೇಲೆ ತಟ್ಟೆ ಇಟ್ಟು, "ಊಟ ಮಾಡ್ಕೊಂಡು ಹೋಗು" ಎಂದಳು.

ಮರುದಿನ ಏಳಕ್ಕೆ ಶೆಡ್ಡು ತೆಗೆದೆ. ಗಾಳಿ ಹಾಕಿ, ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ತಟ್ಟಿ, ಶೆಡ್ಡಿನ ಹಳೇ ಗೇಜು ಇಟ್ಟು ನೋಡಿದೆ. ಬೆಳಿಗ್ಗೆಯ ಕಾಲಂನಲ್ಲಿ ನೂರ ತೊಂಬತ್ತೆರಡು ಎಂದು ಬರೆದೆ. ಮಧ್ಯಾಹ್ನದ್ದನ್ನೂ ಸಂಜೆಯದನ್ನೂ ಖಾಲಿ ಬಿಟ್ಟೆ. ರಿಜಿಸ್ಟರಿನ ಮೇಲೆ ಆ ಕಾಗದ, ಕಾಗದದ ಮೇಲೆ ಬೀಗದ ಕೈ ಇಟ್ಟುಕೊಂಡು ಸಾಹೇಬರ ಕೊಠಡಿಯ ಬಾಗಿಲು ತಟ್ಟಿದೆ.